ದಡ್ಡಿ ಬಾಗಿಲ ಲೆಕ್ಕ

ಊರ ಶಾಲೆ ಬಿಟ್ಟ ಮೇಲೆ ಬಂಡೆಮ್ಮನ ಶಾಲೆ ಶುರುವಾಗುತ್ತಿತ್ತು. ಪೋತ್ನಾಳದ ಅಂಚಿನಲ್ಲಿದ್ದ ಆ ಮಣ್ಣಿನ ಮನೆಯ ಶಾಲೆಗೆ ಏಳು ವರ್ಷದ ಅಯ್ಯಮ್ಮ ಮಾಸ್ತರಿಕೆ ಮಾಡಿದರೆ, ಅರವತ್ತು ದಾಟಿದ ಅವಳ ಆಯಿ, ಅಂದರೆ ಅಪ್ಪನ ತಾಯಿ ಬಂಡೆಮ್ಮ ಇದ್ದ ಒಬ್ಬಳೇ ವಿದ್ಯಾರ್ಥಿ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮುದುಕಿಯ ಎದುರು ಹುಡುಗಿ ಪಾಟಿ ಬಳಪ ಹಿಡಿದು ನಿಂತುಬಿಡುತ್ತಿದ್ದಳು.

"ಕೈ ಕಟ್ಟಿ ಕುಂದ್ರು ಆಯಿ."

"ಕೈ ಕಟ್ಟಿದ್ರ ರೊಟ್ಟಿ ಯಾರು ಬಡೀಬೇಕು? ನಿಮ್ಮ ಟೀಚರಮ್ಮ ಬರ್ತಾಳೇನು?"

"ಹಂಗಾರ ಬಾಯಿ ಮುಚ್ಚಿ ಕುಂದ್ರು."

ಎರಡನೇ ತರಗತಿಯಲ್ಲಿ ಅಂದು ಏನೇನು ನಡೆಯಿತೋ ಅದೆಲ್ಲ ಸಂಜೆಗೆ ಬಂಡೆಮ್ಮನ ಪಾಲಿಗೆ ಬರುತ್ತಿತ್ತು. ಮೂಡುವ ಸೂರ್ಯನಿಗೆ ಮುಖ ಮಾಡಿ ತೋಳು ಚಾಚಿದರೆ ಎಡಗಡೆ ಉತ್ತರ, ಬಲಗಡೆ ದಕ್ಷಿಣ. ಗಿಡಕ್ಕೂ ಜೀವವಿದೆ, ಅದು ಬೇರಿನಿಂದ ನೀರು ಕುಡಿಯುತ್ತದೆ. ಉಗುರಿನ ಸಂದಿಯಲ್ಲಿ ಕೊಳೆ ಇರಬಾರದು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಹುಡುಗಿ ಆಯಿಯ ಕೈ ಹಿಡಿದು ಉಗುರು ನೋಡುತ್ತಿದ್ದಳು, ಹಿಟ್ಟು ಮೆತ್ತಿದ್ದರೆ ಬಯ್ಯುತ್ತಿದ್ದಳು. ಒಮ್ಮೆ ಊರಿಗೆ ನೆರವಾಗುವವರ ಪಾಠ ಬಂತು. ಅಂಚೆಯವನು, ಕುಂಬಾರ, ನೇಕಾರ, ಕುರಿ ಕಾಯುವವನು. "ಕುರಿ ಕಾಯೋನು ಪುಸ್ತಕದಾಗೂ ಬಂದಾನ?" ಎಂದು ಬಂಡೆಮ್ಮನಿಗೆ ಆಶ್ಚರ್ಯವಾಗಿ, ಆ ಚಿತ್ರವನ್ನು ಒಲೆಯ ಬೆಳಕಿಗೆ ಹಿಡಿದು ನೋಡಿದ್ದಳು. ಚಿತ್ರದ ಕುರಿಗಾರನ ಹೆಗಲಮೇಲಿನ ಕಂಬಳಿ ಸರಿಯಾಗಿ ಬಿದ್ದಿಲ್ಲ ಎಂದು ತಕರಾರನ್ನೂ ತೆಗೆದಿದ್ದಳು.

ಎಲ್ಲಕ್ಕಿಂತ ಕಷ್ಟದ್ದು ಅಂಕಿ. ಮುದುಕಿ ಇಪ್ಪತ್ತರವರೆಗೆ ಹೇಗೋ ಬರುತ್ತಿದ್ದಳು. ಅಲ್ಲಿಂದ ಮುಂದೆ ತಡವರಿಸುತ್ತ, "ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತಹತ್ತು" ಎನ್ನುತ್ತಿದ್ದಳು. ಹುಡುಗಿ ನಕ್ಕು ನಕ್ಕು ಗೋಡೆಗೆ ಒರಗುತ್ತಿದ್ದಳು.

"ಇಪ್ಪತ್ತಹತ್ತು ಯಾವ ಊರಾಗ ಅದ ಆಯಿ? ಮೂವತ್ತು ಅನ್ನು."

ಮೂವತ್ತು ಅನ್ನುತ್ತಿದ್ದಳು. ಮರುದಿನ ಮತ್ತೆ ಇಪ್ಪತ್ತಹತ್ತಕ್ಕೇ ಬರುತ್ತಿದ್ದಳು.

ಈ ಶಾಲೆ ಬರುವ ಮೊದಲು ಬಂಡೆಮ್ಮನ ಸಂಜೆಗಳಲ್ಲಿ ಮಾತೇ ಇರಲಿಲ್ಲ. ಗಂಡ ಇದ್ದಾಗ ಕುರಿ ಹೊಡೆದುಕೊಂಡು ಹೊಳೆದಂಡೆ ಹಿಡಿದು ಹೋದರೆ ಮಳೆಗಾಲಕ್ಕೇ ಮುಖ ತೋರಿಸುತ್ತಿದ್ದ. ಅವನು ಸತ್ತ ಮೇಲೆ ಮಗ ಮಾಳಿಂಗಪ್ಪ ಅದೇ ದಾರಿ ಹಿಡಿದ. ಭತ್ತದ ಕೊಯ್ಲು ಮುಗಿದು, ಹೊಲದಲ್ಲಿ ಕುರಿ ಮೇಯಿಸುವ ಒಂದೆರಡು ತಿಂಗಳು ಮಾತ್ರ ಅವನು ಊರಲ್ಲಿರುತ್ತಿದ್ದ. ಸೊಸೆ ಕರೆಮ್ಮ ದೇವದುರ್ಗದ ಕಡೆಯವಳು, ದುಡಿಮೆಗಾರ್ತಿ. ಬೆಳಕು ಹರಿಯುವ ಮುಂಚೆ ಕೂಲಿಗೆ ಹೋದರೆ ಬರುವಾಗ ಮಾತಾಡುವ ತ್ರಾಣ ಉಳಿದಿರುತ್ತಿರಲಿಲ್ಲ. ಮುದುಕಿ ಕೋಳಿಯ ಜೊತೆ ಮಾತಾಡಿ, ಒಲೆಯ ಜೊತೆ ಜಗಳಾಡಿ ದಿನ ನೂಕಿದವಳು. ಇಷ್ಟು ವರ್ಷ ಯಾರೂ ಅವಳಿಗೆ ಏನನ್ನೂ ಹೇಳಿಕೊಡಲು ಬಂದಿರಲಿಲ್ಲ. ಏನಾದರೂ ಕೇಳಲೂ ಬಂದಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿಯ ಎಳ್ಳಮಾಸಿ ಹಬ್ಬ ಹತ್ತಿರವಿದ್ದ ಕಾಲ. ಅಯ್ಯಮ್ಮನ ತರಗತಿಯಲ್ಲಿ ನೂರರವರೆಗಿನ ಅಂಕಿ ಮುಗಿದವು. ಮನೆಯಲ್ಲಿ ಇರುವ ಏನನ್ನಾದರೂ ಎಣಿಸಿಕೊಂಡು ಬಂದು ಹೇಳಬೇಕು ಎಂದಿದ್ದಳು ಟೀಚರಮ್ಮ. ಹುಡುಗಿ ಮನೆಯೊಳಗೆಲ್ಲ ಕಣ್ಣಾಡಿಸಿದಳು. ಗಡಿಗೆಗಳು ಕೈಬೆರಳಿಗೇ ಮುಗಿದವು, ಕೋಳಿಗಳೂ ಅಷ್ಟೆ. ನೂರರವರೆಗೆ ಕಲಿತವಳಿಗೆ ಅವು ಯಾವ ಮೂಲೆಗೆ?

ಸಂಜೆ ಕುರಿಗಳು ಬಂದವು. ಮನೆಯ ಹಿಂದೆ ಮುಳ್ಳುಬೇಲಿಯ ದಡ್ಡಿ ಇತ್ತು. ಒಂದೊಂದೇ ಕುರಿ ಒಳಗೆ ಹೋಗುವಷ್ಟು ಕಿರಿದಾದ ಅದರ ಬಾಗಿಲಿನ ಪಕ್ಕ ಹುಡುಗಿ ನಿಂತಳು. ಮಾಳಿಂಗಪ್ಪ ಹಿಂದಿನಿಂದ ಕುರಿಗಳನ್ನು ಒತ್ತರಿಸುತ್ತಿದ್ದ. ಮೊದಲು ಅವಳ ದನಿ ಗದ್ದಲದಲ್ಲಿ ಅವನಿಗೆ ಕೇಳಲಿಲ್ಲ. ಕೇಳಿದಾಗ ಅವಳು ನಲವತ್ತು ದಾಟಿದ್ದಳು. ಹಾಡಿನಂತೆ, ಶಾಲೆಯಲ್ಲಿ ಹೇಳುವ ಹಾಗೆಯೇ, ಒಂದೊಂದು ಕುರಿಯ ಬೆನ್ನು ಮುಟ್ಟಿ ಎಣಿಸುತ್ತಿದ್ದಳು. ಅವನು ಓಡಿ ಬಂದು ಅವಳ ಬಾಯಿಗೆ ಕೈ ಅಡ್ಡ ಇಟ್ಟ. ಹುಡುಗಿಗೆ ಏನು ತಪ್ಪಾಯಿತೆಂದು ತಿಳಿಯಲಿಲ್ಲ.

ಆ ಮನೆತನದಲ್ಲಿ ಕುರಿಯನ್ನು ಬಾಯಿಬಿಟ್ಟು ಎಣಿಸುವುದಿಲ್ಲ. ಎಷ್ಟಿವೆ ಎಂದು ಯಾರಾದರೂ ಕೇಳಿದರೆ "ಅದಾವ, ದೇವರು ಕೊಟ್ಟಷ್ಟು" ಎನ್ನುತ್ತಾರೆ. ಒಂದು ತಪ್ಪಿಸಿಕೊಂಡರೂ ಮುಖ ನೋಡಿಯೇ ತಿಳಿಯುತ್ತದೆ. ಕೆಂದಿ ಬಂತು, ಬೋಳಿ ಬಂತು, ಕುಂಟಿಯ ಮರಿ ಎಲ್ಲಿ, ಅಂತ. ಎಣಿಸಿದರೆ ಮಂದೆಗೆ ಕೇಡು ಎಂಬುದು ಬಂಡೆಮ್ಮನಿಗೆ ಎದೆಹಾಲಿನ ಜೊತೆಯೇ ಬಂದ ಭಯ. ಅದನ್ನು ಮೊಮ್ಮಗಳಿಗೆ ಹೇಳಬೇಕು ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಮನೆಯಲ್ಲಿ ಎಣಿಸಲು ಬಲ್ಲವರೇ ಇಲ್ಲದಾಗ ಎಣಿಸಬೇಡ ಎಂದು ಯಾರಿಗೆ ಹೇಳಬೇಕು?

ಎರಡು ದಿನ ಕಳೆಯುವುದರೊಳಗೆ ಅಕಾಲದ ಮಳೆ ಬಂತು. ಹಿಂದೆಯೇ ಚಳಿಗಾಳಿ. ಬೆಳಗಾಗಿ ನೋಡಿದರೆ ದಡ್ಡಿಯ ಕೆಸರಿನಲ್ಲಿ ಎಳೆಮರಿಗಳು ಸೆಟೆದು ಬಿದ್ದಿದ್ದವು. ಮಾಳಿಂಗಪ್ಪ ಅವನ್ನು ಒಂದೊಂದಾಗಿ ಎತ್ತಿ ಬೇಲಿಯಾಚೆ ಇಟ್ಟ. ತಾಯಿಕುರಿಗಳು ಮೂಸಿ ಮೂಸಿ ಕೂಗುತ್ತಿದ್ದವು. ಅಯ್ಯಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಸಂಕಟದಲ್ಲಿ ಬಂಡೆಮ್ಮ ಅವಳ ಕಡೆ ತಿರುಗಿ ಅಂದುಬಿಟ್ಟಳು.

"ಬಾಯಿಬಿಟ್ಟು ಎಣಿಸಿದ್ಯಲ್ಲ. ಇನ್ನ ಹೆಂಗ ಉಳೀತಾವ?"

ಮಾಳಿಂಗಪ್ಪ ಒಳಗೆ ಹೋಗಿ ಪಾಟಿಯನ್ನು ಅಟ್ಟದ ಮೇಲೆ ಇಟ್ಟುಬಂದ. ಮರುದಿನದಿಂದ ಹುಡುಗಿ ಶಾಲೆಗೆ ಹೋಗಲಿಲ್ಲ.

ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಕಸ ಗುಡಿಸಿದಳು, ಸಗಣಿಯ ಕುಳ್ಳು ತಟ್ಟಿದಳು, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದಳು. "ಈಗ ನೋಡು, ಹೆಣ್ಣುಮಗಳು ಅನ್ನಂಗ ಆಗ್ಯಾಳ" ಎಂದು ಕರೆಮ್ಮ ಸಮಾಧಾನಪಟ್ಟಳು. ಬಂಡೆಮ್ಮನಿಗೆ ಮಾತ್ರ ಸಂಜೆಯಾದರೆ ಎದೆ ಭಣಭಣ ಎನ್ನುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಮನೆಯಲ್ಲಿ ಇನ್ನೊಂದು ಸದ್ದಿಲ್ಲ. ಹುಡುಗಿ ಒಲೆಯ ಆಚೆ ಕೂತು ಬೆಂಕಿ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಮುದುಕಿ, "ಉತ್ತರ ಯಾವ ಕಡಿ ಅಂದಿದ್ದಿ? ಮರ್ತುಬಿಟ್ಟೀನಿ" ಎಂದು ಕೇಳಿದಳು. ಹುಡುಗಿ ಕೈಯಿಂದ ತೋರಿಸಿದಳಷ್ಟೆ.

ಇನ್ನೊಂದು ಸಂಗತಿ ಇತ್ತು. ಮೂರು ಉಳ್ಳಾಗಡ್ಡಿ ತಾ ಎಂದರೆ ಅವಳು ಲಂಗದ ತುಂಬ ತಂದು ಸುರಿಯುತ್ತಿದ್ದಳು. ಎರಡು ಕುಳ್ಳು ಎಂದರೆ ಬುಟ್ಟಿಯನ್ನೇ ಎಳೆದು ತರುತ್ತಿದ್ದಳು. ಬಂಡೆಮ್ಮ ಇದನ್ನು ಸಿಟ್ಟೆಂದುಕೊಂಡಳು. ಸಿಟ್ಟಾದರೆ ಇಳಿಯುತ್ತದೆ, ಇಳಿಯಲಿ ಎಂದು ಸುಮ್ಮನಾದಳು.

ಒಂದು ಸಂಜೆ ಟೀಚರಮ್ಮನೇ ಮನೆಗೆ ಬಂದಳು. ರಜಿಯಾ ಬೇಗಂ ರಾಯಚೂರಿನವಳು. ಮಾನ್ವಿಯಲ್ಲಿ ಒಂದು ಕೋಣೆ ಹಿಡಿದು, ದಿನಾ ಬಸ್ಸಿನಲ್ಲಿ ಪೋತ್ನಾಳಕ್ಕೆ ಬಂದುಹೋಗುತ್ತಿದ್ದ ಸಣ್ಣ ವಯಸ್ಸಿನ ಹೆಣ್ಣುಮಗಳು. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಮಾಳಿಂಗಪ್ಪ ಕಂಬಕ್ಕೆ ಒರಗಿ ನಿಂತ.

"ಅಯ್ಯಮ್ಮ ಯಾಕ ಬರಾಕತ್ತಿಲ್ರಿ? ಜ್ವರ ಬಂದಾವೇನು?" ಎಂದು ಅವಳು ಕೇಳಿದಳು.

ಮಾಳಿಂಗಪ್ಪ ಮುಚ್ಚಿಡಲಿಲ್ಲ, ನಡೆದದ್ದನ್ನೆಲ್ಲ ಹೇಳಿದ. "ಸಾಲಿ ಮ್ಯಾಲ ನನಗ ಸಿಟ್ಟಿಲ್ಲ ಟೀಚರಮ್ಮ. ಹಾಡು ಕಲಿಸ್ರಿ, ಓದು ಕಲಿಸ್ರಿ, ಬ್ಯಾಡ ಅನ್ನಂಗಿಲ್ಲ. ನಮ್ಮಪ್ಪ ಎಣಿಸ್ಲಿಲ್ಲ, ಅವರಪ್ಪ ಎಣಿಸ್ಲಿಲ್ಲ. ಎಣಿಸಾಂವ ಸಂತ್ಯಾಗ ಮಾರಾಕ ನಿಂತಾಂವ. ನಾವು ಸಾಕೋರು. ನಮ್ಮ ದಡ್ಡಿ ಮುಂದ ಎಣಿಕಿ ಬಂತು, ನಮ್ಮ ಮರಿ ಹೋದವು. ನಾನು ಏನಂತ ತಿಳೀಬೇಕು?"

ಟೀಚರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು.

"ನನಗ ಗೊತ್ತಿರಲಿಲ್ಲಪ್ಪ. ಮನ್ಯಾಗ ಇದ್ದದ್ದು ಎಣಿಸ್ಕೊಂಡು ಬರ್ರಿ ಅಂದಿದ್ದೆ. ಒಬ್ಬಾಕಿ ಗಡಿಗಿ ಎಣಿಸಿದ್ಲು, ಒಬ್ಬ ಮನಿ ಜಂತಿ ಎಣಿಸಿದ. ನಿಮ್ಮ ನಂಬಿಕಿಗೆ ನಾನು ನಗಂಗಿಲ್ಲ. ಉಣ್ಣಾಕ ಕುಂತಾಗ ರೊಟ್ಟಿ ಎಣಿಸಿದ್ರ ನಮ್ಮ ಅಮ್ಮೀನೂ ಕೈ ಮ್ಯಾಲ ಹೊಡೀತಿದ್ರು. ಆದ್ರ ಕೂಸು ಏನು ತಪ್ಪು ಮಾಡ್ಯಾದ? ನಾ ಹೇಳಿದ್ದು ಅದು ಮಾಡ್ತು. ಬಯ್ಯೋದಿದ್ರ ನನಗ ಬಯ್ರಿ."

"ನಿಮಗ ಬೈದ್ರ ಮರಿ ಎದ್ದು ಬರ್ತಾವೇನ್ರಿ?" ಎಂದ ಮಾಳಿಂಗಪ್ಪ. ಅವನ ದನಿಯಲ್ಲಿ ಒರಟುತನವಿರಲಿಲ್ಲ, ದಣಿವಿತ್ತು.

"ಇಕಿ ಇಲ್ಲದ ಕ್ಲಾಸು ಸಪ್ಪಗದ" ಎಂದು ಟೀಚರಮ್ಮ ಬಂಡೆಮ್ಮನ ಕಡೆ ತಿರುಗಿದಳು. "ಎಣಿಸಾಕ ಹೇಳಿದ ವಾರನ 'ನಮ್ಮ ಕುಟುಂಬ' ಅಂತ ಪಾಠ ಆತ್ರಿ ಯವ್ವಾ. ಮನ್ಯಾಗ ಯಾರ್ಯಾರು ಅದಾರ, ಎಷ್ಟು ಮಂದಿ, ಹೇಳ್ರಿ ಅಂದೆ. ಎಲ್ಲಾರೂ ಅಪ್ಪನಿಂದ ಶುರು ಮಾಡಿದ್ರು. ಇಕಿ ಒಬ್ಬಾಕಿ ಆಯಿಯಿಂದ ಶುರು ಮಾಡಿದ್ಲು."

ಬಂಡೆಮ್ಮನಿಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಒಳಗೆ ಓಡಿದ್ದು ಅವಳ ಕಣ್ಣಿಗೆ ಬಿತ್ತು. ಟೀಚರಮ್ಮ ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕಿತ್ತು. ಹಾಲು ಹಾಕಿದ ಚಹಾ ಕುಡಿದು, ಬಾಗಿಲ ಕಡೆ ಇನ್ನೊಮ್ಮೆ ನೋಡಿ ಹೋದಳು. ಮಾನ್ವಿಯ ಕೋಣೆಯಲ್ಲಿ ಅವಳಿಗೂ ಯಾರು ಕಾದಿರುತ್ತಾರೋ ಎಂದುಕೊಂಡಳು ಬಂಡೆಮ್ಮ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಬಂಡೆಮ್ಮನಿಗೆ ಎಚ್ಚರವಾಯಿತು. ಮುಖದ ಮೇಲೆ ಏನೋ ಸುಳಿದಂತಾಯಿತು. ಕೆಲವು ದಿನಗಳಿಂದ ಹೀಗೆ ಆಗುತ್ತಿತ್ತು, ಬೆಕ್ಕಿರಬೇಕು ಎಂದು ಮಗ್ಗುಲಾಗುತ್ತಿದ್ದಳು. ಇವತ್ತು ಕಣ್ಣು ಬಿಟ್ಟಳು. ಬೆಕ್ಕಲ್ಲ. ಅಯ್ಯಮ್ಮನ ಅಂಗೈ ಅವಳ ಮೂಗಿನ ಕೆಳಗೆ ಇತ್ತು.

"ಏನು ಮಾಡಾಕತ್ತೀ?"

ಹುಡುಗಿ ಕೈ ಎಳೆದುಕೊಂಡಳು. ಸಣ್ಣಗೆ ಹೇಳಿದಳು, "ಉಸಿರು ಅದ ಏನು ಅಂತ ನೋಡಿದೆ."

"ಯಾಕ? ನನಗೇನು ಆಗ್ಯಾದ?"

"ಸಾಲ್ಯಾಗ ನಿನ್ನೂ ಎಣಿಸೀನಿ ಆಯಿ. ಮೊದ್ಲು ನಿನ್ನೇ ಎಣಿಸೀನಿ."

ಬಂಡೆಮ್ಮ ಮಗುವನ್ನು ಎಳೆದು ಮಗ್ಗುಲಿಗೆ ಹಾಕಿಕೊಂಡಳು. ಚಳಿಗೆ ಅದರ ಪಾದ ಮಂಜಾಗಿತ್ತು. ಎಷ್ಟು ಬೆಳಗಿನಿಂದ ಹೀಗೆ ಎದ್ದು ಕೂರುತ್ತಿತ್ತೋ, ಯಾರಿಗೂ ಹೇಳದೆ, ಒಬ್ಬಳೇ. ತಾನು ಒಂಟಿ ಎಂದು ಕೊರಗಿದ್ದ ಮುದುಕಿಗೆ, ಅದೇ ಕಂಬಳಿಯೊಳಗೆ ತನಗಿಂತ ಒಂಟಿಯಾದ ಜೀವವೊಂದು ಮಲಗಿದ್ದು ತಿಳಿದಿರಲಿಲ್ಲ. ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು.

"ನನಗೇನೂ ಆಗಂಗಿಲ್ಲ. ಎಣಿಸಿದ್ರ ಯಾರೂ ಸಾಯಂಗಿಲ್ಲ."

"ಹಂಗಾರ ಮರಿ ಯಾಕ ಸತ್ತವು?"

"ಥಂಡಿಗೆ ಸತ್ತವು."

"ನಾ ಎಣಿಸಿದ್ದಕ್ಕ ಅಂದಿದ್ದಿ."

ಹೌದು, ಅಂದಿದ್ದಳು. ಒಂದು ಮಾತಿನಿಂದ ಹೋದದ್ದು ಇನ್ನೊಂದು ಮಾತಿನಿಂದ ಬರುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ಆ ದಿನವೆಲ್ಲ ಅವಳ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಜೋಳ ಕೇರುತ್ತ ಕೂತವಳಿಗೆ ನೀರಮಾನ್ವಿಯ ಬೂದೆಪ್ಪನ ನೆನಪಾಯಿತು. ಅವನ ಮಂದೆಯಲ್ಲೂ ಅದೇ ಮಳೆಗೆ ಮರಿಗಳು ಸತ್ತಿದ್ದವು. ಸಂತೆಯಲ್ಲಿ ಅವನೇ ಹೇಳಿಕೊಂಡು ಅತ್ತಿದ್ದ. ಆ ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಒಂದು ಮಗುವೂ ಇಲ್ಲ. ಅಲ್ಲಿ ಎಣಿಸಿದವರು ಯಾರು? ಈ ಸುದ್ದಿ ಅವಳಿಗೆ ಅಂದೇ ಗೊತ್ತಿತ್ತು, ಕಿವಿಗೆ ಹಾಕಿಕೊಂಡಿರಲಿಲ್ಲ. ಆದರೂ ಭಯ ಹೋಗಲಿಲ್ಲ. ಅರವತ್ತು ವರ್ಷದ ಭಯ ಒಂದು ಮಧ್ಯಾಹ್ನದಲ್ಲಿ ಹೋಗುವುದಿಲ್ಲ. ಅವಳು ಮೊರ ಕೆಳಗಿಟ್ಟು ದಡ್ಡಿಯ ಕಡೆ ನೋಡಿದಳು. ಒಂದು ಕಡೆ ಕುರಿ, ಇನ್ನೊಂದು ಕಡೆ ಮೊಮ್ಮಗಳು. ಹೀಗೆ ಇಟ್ಟು ನೋಡಿದ ಮೇಲೆ ಯೋಚನೆ ಮಾಡಲು ಹೆಚ್ಚೇನೂ ಉಳಿಯಲಿಲ್ಲ.

ಸಂಜೆ ಕುರಿಗಳು ಬರುವ ಹೊತ್ತಿಗೆ ಬಂಡೆಮ್ಮ ದಡ್ಡಿಯ ಬಾಗಿಲ ಪಕ್ಕ ಕಲ್ಲಿನ ಮೇಲೆ ಕೂತಿದ್ದಳು. ಅಯ್ಯಮ್ಮನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಹುಡುಗಿ ಕೊಸರಾಡಿ, ಕೊನೆಗೆ ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು.

"ಒಂದೊಂದ ಬಿಡು ಮಾಳಿಂಗ" ಎಂದಳು ಮುದುಕಿ.

ಮುಂದಿನ ಕುರಿ ಒಳಗೆ ಕಾಲಿಟ್ಟಿತು. ಬಂಡೆಮ್ಮ ಅದರ ಬೆನ್ನು ಮುಟ್ಟಿ, ಎಲ್ಲರಿಗೂ ಕೇಳುವಂತೆ ಅಂದಳು, "ಒಂದು."

ಮಾಳಿಂಗಪ್ಪ ನಿಂತಲ್ಲೇ ನಿಂತ. "ಯವ್ವಾ, ಏನು ಮಾಡಾಕತ್ತೀ? ನಿನಗ ತಲಿ ನೆಟ್ಟಗದ ಏನು?"

"ಎರಡು. ಬಿಡು ಅಂದೆ. ಕೇಡು ಬಂದ್ರ ಎಣಿಸಿದಾಕಿಗೆ ಬರ್ಲಿ. ನಾ ಉಂಡು ತಿಂದು ಮುಗಿಸಿದಾಕಿ. ಮೂರು."

"ಇದ್ದ ಕುರೀನೂ ಹೋದ್ರ?"

"ಹೋದ್ರ ನನ್ನ ಹೆಸರು ಹೇಳು, ಈ ಕೂಸಿನ ಹೆಸರು ಹೇಳಬ್ಯಾಡ. ನಿನ್ನ ಮಗಳು ದಿನಾ ಬೆಳಗ್ಗೆ ಎದ್ದು ನನ್ನ ಮೂಗಿನ ಮುಂದ ಕೈ ಹಿಡೀತಾಳ, ಗೊತ್ತದ ಏನು ನಿನಗ? ಎಣಿಸೀನಿ, ಆಯಿ ಸಾಯ್ತಾಳ ಅಂತ. ನಿನ್ನೂ ಎಣಿಸ್ಯಾಳಂತ. ನಾಲ್ಕು."

ಮಾಳಿಂಗಪ್ಪ ಮಗಳನ್ನು ನೋಡಿದ. ಸೆರಗಿನಿಂದ ಹೊರಗೆ ಕಾಣುತ್ತಿದ್ದದ್ದು ಎಣ್ಣೆ ಕಾಣದ ಜಡೆಯೊಂದೇ. ಅವನು ಕೋಲು ಅಡ್ಡ ಹಿಡಿದು ಕುರಿಗಳನ್ನು ಒಂದೊಂದಾಗಿ ಬಿಡತೊಡಗಿದ.

ಮುದುಕಿ ಒಂದೊಂದು ಅಂಕಿ ಹೇಳುವಾಗಲೂ ಆ ಕುರಿಯ ಮುಖ ನೋಡಿ ಮನಸ್ಸಿನಲ್ಲೇ ತಪ್ಪು ಒಪ್ಪಿಕೊಳ್ಳುತ್ತಿದ್ದಳು. ಹತ್ತು ದಾಟಿತು, ಇಪ್ಪತ್ತು ದಾಟಿತು.

"ಇಪ್ಪತ್ತೆಂಟು. ಇಪ್ಪತ್ತೊಂಬತ್ತು." ಬೋಳಿಕುರಿ ಬಾಗಿಲಿಗೆ ಬಂದು ನಿಂತಿತು. "ಇಪ್ಪತ್ತಹತ್ತು" ಎಂದಳು ಬಂಡೆಮ್ಮ. ತಪ್ಪಿದ್ದು ಅವಳಿಗೇ ಗೊತ್ತಾಯಿತು, ಸರಿಯಾದದ್ದು ಮಾತ್ರ ನೆನಪಿಗೆ ಬರಲಿಲ್ಲ. ಬೇಕೆಂದೇ ಮರೆತದ್ದಲ್ಲ, ನಿಜವಾಗಿಯೂ ಮರೆತಿತ್ತು. ಬೋಳಿಯ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೂತಳು. ಹಿಂದಿನ ಕುರಿಗಳು ನೂಕತೊಡಗಿದವು. ಮಾಳಿಂಗಪ್ಪ ಕೋಲಿನಿಂದ ತಡೆದು ಕಾದ.

ಸೆರಗು ಸ್ವಲ್ಪ ಸರಿಯಿತು.

"ಮೂವತ್ತು" ಎಂದಿತು ಒಳಗಿನಿಂದ ಒಂದು ದನಿ.

ಬಂಡೆಮ್ಮ ಕೈ ತೆಗೆದಳು, ಬೋಳಿ ಒಳಗೆ ಹೋಯಿತು. ಮುಂದಿನ ಕುರಿ ಬಂದಾಗ ಅವಳು ಬಾಯಿ ಬಿಡಲಿಲ್ಲ. ಮೂವತ್ತರ ಮುಂದಿನ ದಾರಿ ಅವಳಿಗೆ ಅಷ್ಟಾಗಿ ಗೊತ್ತೂ ಇರಲಿಲ್ಲ. ಹುಡುಗಿ ಆಯಿಯ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಆಮೇಲೆ ಮೂವತ್ತೊಂದು ಎಂದಳು. ಅಲ್ಲಿಂದ ಮುಂದೆ ಅವಳೇ ಎಣಿಸಿದಳು. ಹಾಡಿನಂತಿರಲಿಲ್ಲ, ಮೆಲ್ಲಗೆ, ಕತ್ತಲಲ್ಲಿ ಕಾಲಿಟ್ಟು ನಡೆಯುವವರ ಹಾಗೆ. ಕೊನೆಯ ಕುರಿ ಹೋದ ಮೇಲೆ ಮಾಳಿಂಗಪ್ಪ ಬಾಗಿಲಿಗೆ ಬಂದ. ಹಾದುಹೋಗುವವನು ನಿಂತು ಹೆಗಲ ಕಂಬಳಿಯನ್ನು ಸರಿಸಿದ. ಅಂದು ಹೊಲದಲ್ಲೇ ಹುಟ್ಟಿದ ಮರಿಯೊಂದು ಅವನ ತೋಳಿನಲ್ಲಿ ಕಣ್ಣು ಪಿಳುಕಿಸುತ್ತಿತ್ತು. ಹುಡುಗಿ ಅದನ್ನೂ ಎಣಿಸುವವರೆಗೆ ಅವನು ಅಲ್ಲೇ ನಿಂತಿದ್ದ.

ಆ ರಾತ್ರಿ ಬಂಡೆಮ್ಮನಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಗಿನ ಜಾವ ಕೋಳಿ ಕೂಗಿದಾಗ ಎಚ್ಚರವಿದ್ದರೂ ಕಣ್ಣು ಮುಚ್ಚಿಕೊಂಡೇ ಮಲಗಿದ್ದಳು. ಅಂಗೈ ಬರುತ್ತದೆಂದು ಕಾದಳು. ಬರಲಿಲ್ಲ. ಪಕ್ಕದಲ್ಲಿ ಕೈಯಾಡಿಸಿದರೆ ಹುಡುಗಿ ಇರಲಿಲ್ಲ. ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರ್ರೆಂದಿತು, ಒದ್ದೆ ಕಾಲಿನ ಸಪ್ಪಳ ಹತ್ತಿರ ಬಂತು.

"ಎಲ್ಲಾ ಅದಾವ ಆಯಿ. ಸಣ್ಣ ಮರೀನೂ ಅದ. ಎಣಿಸಿ ಬಂದೆ."

"ನಾನೂ ಅದೀನಿ, ನೋಡು" ಎಂದು ಬಂಡೆಮ್ಮ ಎದ್ದು ಕೂತಳು.

ಬಿಸಿಲು ಬಂದ ಮೇಲೆ ಮೊಮ್ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು, ಕೈ ಹಿಡಿದು ಉಗುರು ನೋಡಿದಳು. ಆಮೇಲೆ ಅಟ್ಟದ ಮೇಲಿನ ಪಾಟಿಗೆ ಕೈ ಚಾಚಿದರೆ ಎಟುಕಲಿಲ್ಲ. ಹಿಂದಿನಿಂದ ಮಾಳಿಂಗಪ್ಪ ಬಂದು ಅದನ್ನು ಇಳಿಸಿದ. ಮೇಲೆ ಕೂತಿದ್ದ ಧೂಳನ್ನು ಕಂಬಳಿಯ ತುದಿಯಿಂದ ಒರೆಸಿ ಮಗಳ ಕೈಗೆ ಕೊಟ್ಟ.

"ಸಂಜಿಗೆ ಲಗೂನ ಬಾ. ನಿಮ್ಮಾಯಿಗೆ ಮೂವತ್ತರ ಮುಂದಿಂದು ಬರಂಗಿಲ್ಲ" ಎಂದ.